ಹದಿನಾಲ್ಕು ಎಂದು ಬರೆದ ಕಣ್ಣು

ಶಕುನ, ಕಣಿ, ಗಾಳಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಆಸಾಮಿ ನಾನು. ಅರಸೀಕೆರೆಯ ಒಂದು ಆಸ್ಪತ್ರೆಯಲ್ಲಿ, ಆಪರೇಷನ್ ಆದವರ ಕಣ್ಣಿನ ಒತ್ತಡ ಅಳೆಯುವುದು ನನ್ನ ಕೆಲಸ. ಮಿಷನ್ ತೋರಿಸಿದ್ದು ನಿಜ, ಉಳಿದದ್ದೆಲ್ಲ ರೋಗಿಗಳ ಗಾಬರಿ ಎಂದೇ ನಂಬಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ, ಹುಲಿಕೆರೆಯಿಂದ ಅಕ್ಕತಂಗಿಯರಿಬ್ಬರು ಪೊರೆ ತೆಗೆಸಿಕೊಳ್ಳಲು ಬಂದರು. ಅಕ್ಕ ನಿಂಗಮ್ಮನವರಿಗೆ ಎಲ್ಲ ಸಲೀಸಾಗಿ ಮುಗಿದು, ಲೆನ್ಸು ಕಣ್ಣಿನೊಳಗಿನ ಚೀಲದಲ್ಲೇ ಕೂತಿತು. ತಂಗಿ ಪುಟ್ಟಮ್ಮನವರಿಗೆ ಆ ಚೀಲ ಹರಿಯಿತು. ಡಾಕ್ಟರು ಬೇರೆ ಲೆನ್ಸನ್ನು ಪಾಪೆಯ ಮುಂದೆ ಕೂರಿಸಿ, "ಇಂಥವರಿಗೆ ಒತ್ತಡ ಏರಬಹುದು, ರಾತ್ರಿ ಇಲ್ಲೇ ಇರಲಿ" ಎಂದು ಹೇಳಿ ಹೋದರು.

ಸಂಜೆ ಅಳೆದಾಗ ಸರಿಯಿತ್ತು. ಪುಟ್ಟಮ್ಮ ಕೈ ಮುಗಿದರು. "ಹಸ ಕರೆಯೋರು ಯಾರೂ ಇಲ್ಲ ಕಣಪ್ಪ, ಡೈರಿಗೆ ಹಾಲು ಹಾಕ್ಬೇಕು. ಇನ್ನೊಂದ್ ಕಣ್ಣು ಮಬ್ಬಾದ್ರೂ ಕಾಣ್ತೈತೆ. ಅಕ್ಕಂಗೆ ಅದೂ ಇಲ್ಲ, ಅವಳು ಇಲ್ಲೇ ಇರ್ಲಿ. ಬೆಳಿಗ್ಗೆ ಬತ್ತೀನಿ." ನನಗೆ ಅಯ್ಯೋ ಅನ್ನಿಸಿತು. ಎದ್ದ ಕೂಡಲೇ ನುಂಗಲು ಒತ್ತಡದ ಮಾತ್ರೆ ಕೊಟ್ಟು ನಾನೇ ಅವರೂರಿನ ಕಡೆಯ ಹಳೇಬೀಡಿನ ಬಸ್ಸು ಹತ್ತಿಸಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ನಿಂಗಮ್ಮ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರು. ಕಣ್ಣು ಸಿಡಿದುಹೋಗುತ್ತಿದೆ ಎನ್ನುತ್ತಾರೆ, ವಾಂತಿ ಬೇರೆ. ಮೂರು ಸಲ ಅಳೆದೆ. ಮೂರು ಸಲವೂ ಹದಿನಾಲ್ಕು, ಅಂದರೆ ತೀರಾ ಸರಿ. ಕಣ್ಣು ಕೆಂಪಾಗಿಯೂ ಇರಲಿಲ್ಲ.

"ನಿಮಗೇನೂ ಆಗಿಲ್ಲಮ್ಮ" ಎಂದೆ.

"ನಂದಲ್ಲ ಕಣಪ್ಪ, ಪುಟ್ಟೀದು. ಅವಳ ಕಣ್ಣು ನೋಡೋಗು."

ನಕ್ಕೆ. ಹೌದು, ನಕ್ಕೆ. ರಿಜಿಸ್ಟರಿನಲ್ಲಿ ಹದಿನಾಲ್ಕು ಎಂದು ಬರೆದು ಪಕ್ಕದ ಹಾಸಿಗೆಗೆ ಹೋದೆ. ನರಳಾಟ ನಿಲ್ಲಲೇ ಇಲ್ಲ. ಹನ್ನೊಂದರ ಹೊತ್ತಿಗೆ, ಆಕೆಯನ್ನು ಸುಮ್ಮನಾಗಿಸಲೆಂದೇ, ಅವರ ನೆರೆಮನೆಗೆ ಫೋನ್ ಮಾಡಿ ಪುಟ್ಟಮ್ಮನವರನ್ನು ಕರೆಸಿದೆ.

ಎರಡು ಗಂಟೆಗೆ ಅವರು ನಗುನಗುತ್ತಲೇ ಬಂದರು. "ನೋವೇ ಇಲ್ಲ ಕಣಪ್ಪ, ಅದಕ್ಕೇ ನಿಧಾನ ಮಾಡ್ದೆ. ಸೋಮವಾರ ನಂಗೆ ಒಪ್ಪತ್ತು. ದೀಪ ಹಚ್ಚೋಗಂಟ ಬಾಯಿಗೆ ಏನೂ ಹಾಕಲ್ಲ. ಮಾತ್ರೆ ಹಂಗೇ ಐತೆ."

ಪಟ್ಟಿ ಬಿಚ್ಚಿ ರೆಪ್ಪೆಯ ಮೇಲೆ ಮೆಲ್ಲಗೆ ಬೆರಳಿಟ್ಟರೆ ಕಲ್ಲಿನಂತಿತ್ತು. ಒತ್ತಡ ಅರವತ್ತು ದಾಟಿತ್ತು. ಅಷ್ಟಾದರೆ ಎಂಥವರೂ ತಲೆ ಚಚ್ಚಿಕೊಳ್ಳುತ್ತಾರೆ. ಪುಟ್ಟಮ್ಮ ನನಗೆ ಊಟವಾಯಿತೇ ಎಂದು ವಿಚಾರಿಸುತ್ತಿದ್ದರು.

ಡಾಕ್ಟರು ತಕ್ಷಣ ಥಿಯೇಟರಿಗೆ ಕರೆದೊಯ್ದು ಕಣ್ಣಿನೊಳಗಿನ ನೀರು ಹೊರಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ, ಗಡಿಯಾರ ನೋಡಿದ್ದೆ. ಹೊರಗೆ ಬಂದರೆ ನಿಂಗಮ್ಮನಿಗೆ ಗಾಢ ನಿದ್ದೆ. ನೋವು ಇದ್ದಕ್ಕಿದ್ದಂತೆ ನಿಂತಿತು ಎಂದು ನರ್ಸ್ ಹೇಳಿದ ಹೊತ್ತೂ ನೀರು ಬಿಟ್ಟ ಹೊತ್ತೂ ಒಂದೇ ಆಗಿತ್ತು.

ಪುಟ್ಟಮ್ಮನವರ ಆ ಕಣ್ಣಿನ ಬೆಳಕು ಮಾತ್ರ ಮರಳಲಿಲ್ಲ. ಕೆಲವು ಗಂಟೆ ಮೊದಲು ಬಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಇದೆಲ್ಲ ಕಾಕತಾಳೀಯ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ. ಬೇರೆ ವಿವರಣೆಯೂ ನನ್ನ ಬಳಿ ಇಲ್ಲ.

ಮುಂದಿನ ತಪಾಸಣೆಗೆ ನಿಂಗಮ್ಮ ತಂಗಿಯ ಕೈ ಹಿಡಿದುಕೊಂಡು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಂಟು ಗಂಟೆಗೇ ಹೇಳಿದ್ನಲ್ಲಪ್ಪ" ಎಂದಷ್ಟೇ ಹೇಳಿ ಗಲ್ಲವನ್ನು ಮಿಷನ್ನಿನ ಮೇಲಿಟ್ಟರು. ಅಳೆದೆ. ಹದಿನಾಲ್ಕೇ ಇತ್ತು.