ಮಗುವಿನ ಕುರ್ಚಿಯಲ್ಲಿ ಕೂತ ಶನಿವಾರ

ನಾನು ಕೌನ್ಸೆಲರ್ ಆದದ್ದು ಒಂದು ಸ್ಟಾಫ್ ಮೀಟಿಂಗಿನ ಕೊನೆಯಲ್ಲಿ, ಎಲ್ಲರೂ ಚೀಲ ಹೆಗಲಿಗೇರಿಸಿಕೊಂಡು ಎದ್ದು ನಿಂತಿದ್ದ ಹೊತ್ತಿನಲ್ಲಿ. "ಹಾಂ, ಇನ್ನೊಂದು ವಿಷಯ," ಎಂದರು ನಮ್ಮ ಹೆಡ್‌ಮಿಸ್ಟ್ರೆಸ್. ನಾನು ಜೀವಶಾಸ್ತ್ರ ಕಲಿಸುವವಳು, ಮಕ್ಕಳು ನನ್ನ ಹತ್ತಿರ ಮಾತಾಡುತ್ತವೆ, ಆದ್ದರಿಂದ ನಾಳೆಯಿಂದ ನಾನೇ ಕೌನ್ಸೆಲರ್. ಹೈದರಾಬಾದಿನ ಬೇಗಂಪೇಟೆಯ ಆ ಶಾಲೆಯಲ್ಲಿ ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆಯನ್ನು ನನಗೆ ಬಿಡಿಸಿಕೊಟ್ಟರು. ಬಾಗಿಲಿಗೆ ಹೊಸ ಬೋರ್ಡು ಬಂತು. ಒಳಗಿದ್ದ ಮುರುಕು ಕೇರಂ ಮಾತ್ರ ಅಲ್ಲೇ ಉಳಿಯಿತು.

ಬೋರ್ಡು ನೋಡಿ ಮೊದಲು ಬಂದವರು ತಂದೆತಾಯಂದಿರು. ಆಂಧ್ರದಲ್ಲಿ ಆಗ ಕೌನ್ಸೆಲಿಂಗ್ ಎಂದರೆ ಇಂಜಿನಿಯರಿಂಗ್ ಸೀಟು ಹಂಚುವುದು ಎಂದೇ ಲೆಕ್ಕ. ಯಾವ ರ್‍ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ ಎಂದು ಕೇಳುವರು. ಗೊತ್ತಿಲ್ಲ ಎಂದರೆ, ಮತ್ತೆ ಇಲ್ಲಿ ಕೂತು ಏನು ಮಾಡುತ್ತೀಯಮ್ಮ ಎಂಬಂತೆ ನೋಡಿ ಹೋಗುವರು. ಮಕ್ಕಳು ಬರುತ್ತಿದ್ದುದು ಶಿಕ್ಷೆಗೆ. ಇನ್ನೊಮ್ಮೆ ಗಲಾಟೆ ಮಾಡಿದರೆ ಕೌನ್ಸೆಲಿಂಗಿಗೆ ಕಳಿಸುತ್ತೇನೆ ಎಂದು ಹೆದರಿಸುವ ಮೇಷ್ಟರುಗಳು ನಮ್ಮಲ್ಲಿದ್ದರು. ನನಗಾದರೋ ಸಿಟ್ಟು ಮೂಗಿನ ತುದಿಯಲ್ಲಿ. ಆ ಕೋಣೆಯಲ್ಲಿ ಕೂತು ನಾನು ಮಕ್ಕಳಿಗಿಂತ ಹೆಚ್ಚಾಗಿ ಮೇಷ್ಟರುಗಳನ್ನೇ ಬೈದುಕೊಳ್ಳುತ್ತಿದ್ದೆ.

ನನ್ನನ್ನು ಉಳಿಸಿದ್ದು ಅಬಿಡ್ಸ್‌ನ ಶನಿವಾರಗಳು. ಬೇರೆ ಬೇರೆ ಶಾಲೆಗಳಲ್ಲಿ ನನ್ನ ಹಾಗೆಯೇ ರಾತ್ರೋರಾತ್ರಿ ಕೌನ್ಸೆಲರ್ ಆದ ಏಳೆಂಟು ಮಂದಿ, ತಿಂಗಳಿಗೆರಡು ಶನಿವಾರ ಮಧ್ಯಾಹ್ನ ಅಲ್ಲಿನ ಒಂದು ಪುಸ್ತಕದಂಗಡಿಯ ಮಾಳಿಗೆಯಲ್ಲಿ ಸೇರುತ್ತಿದ್ದೆವು. ಕಲಿಸುತ್ತಿದ್ದವರು ಆಸ್ಪತ್ರೆಯೊಂದರ ಮಾನಸಿಕ ವಿಭಾಗದಿಂದ ನಿವೃತ್ತರಾದ ಉರ್ದು ಮನೆಮಾತಿನ ಹಿರಿಯ ಹೆಂಗಸು. ನಾವೆಲ್ಲ ಅವರನ್ನು ಆಪಾ ಎಂದೇ ಕರೆಯುತ್ತಿದ್ದೆವು, ಅಕ್ಕ ಎಂದ ಹಾಗೆ. ಸರ್ಟಿಫಿಕೇಟ್ ಇಲ್ಲ, ಊಟ ಇಲ್ಲ, ಮೆಟ್ಟಿಲು ಕಡಿದಾಗಿತ್ತು. ಆದರೂ ಒಬ್ಬರೂ ತಪ್ಪಿಸುತ್ತಿರಲಿಲ್ಲ.

ಆಪಾ ನಮಗೆ ಮೊದಲು ಕಲಿಸಿದ್ದು ಬಾಯಿ ಮುಚ್ಚಿಕೊಳ್ಳುವುದನ್ನು. ಇದು ನನಗೆ ಎಲ್ಲರಿಗಿಂತ ಕಷ್ಟವಾಯಿತು. ಬೀದರ್ ಕಲಬುರಗಿ ಕಡೆಯಿಂದ ಬಂದು ಇಲ್ಲಿ ಸರ್ಕಾರಿ ನೌಕರಿಯಲ್ಲಿ ತಲೆಮಾರುಗಳನ್ನು ಕಳೆದ ಮನೆತನ ನಮ್ಮದು. ನಮ್ಮಲ್ಲಿ ಯಾರಾದರೂ ಕಷ್ಟ ಹೇಳಲು ಬಾಯಿ ತೆರೆದರೆ ಸಾಕು, ಎದುರಿದ್ದವರು ಅರ್ಧಕ್ಕೇ "ಇರ್ಲಿ ಬಿಡ್ರಿ, ಎಲ್ಲಾ ಛಲೋ ಆಕ್ಕೈತಿ" ಎಂದು ಚಹಾಕ್ಕೆ ನೀರಿಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಬಂದವರು ಹೇಳಬೇಕಾದ್ದನ್ನು ಹಾಗೇ ನುಂಗಿಕೊಂಡು ಚಹಾ ಕುಡಿದು ಹೋಗುತ್ತಾರೆ. ಅಭ್ಯಾಸಕ್ಕೆ ಕೂತಾಗ ನಾನು ಸಮಾಧಾನ ಹೇಳಲು ಹೊರಟರೆ ಆಪಾ ಟ್ರಾಫಿಕ್ ಪೊಲೀಸರ ಹಾಗೆ ಅಂಗೈ ಎತ್ತಿ ಹಿಡಿಯುತ್ತಿದ್ದರು. ಎಷ್ಟೋ ಸಲ ಎತ್ತಿದ ಕೈ ಇಳಿಸಲು ಅವರಿಗೆ ಬಿಡುವೇ ಸಿಗುತ್ತಿರಲಿಲ್ಲ.

ಆ ವರ್ಷ ನನ್ನ ಕೋಣೆಗೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕಳಿಸಿದರು. ಮನೆ ಕೂಕಟ್‌ಪಲ್ಲಿಯಲ್ಲಿ. ಕ್ಲಾಸಿಗೆ ಮೊದಲಿಗಳಾಗಿದ್ದವಳು ತ್ರೈಮಾಸಿಕ ಪರೀಕ್ಷೆಯಲ್ಲಿ ಎಲ್ಲ ವಿಷಯಗಳಲ್ಲೂ ಖಾಲಿ ಪೇಪರ್ ಕೊಟ್ಟಿದ್ದಳು. ಹೆಸರು, ರೋಲ್ ನಂಬರ್, ಅಷ್ಟೇ. ಶಾಲೆಗೆ ಫಲಿತಾಂಶದ ಚಿಂತೆ. "ಅರ್ಧವಾರ್ಷಿಕದಲ್ಲೂ ಹೀಗೇ ಮಾಡಿದರೆ ಟಿ.ಸಿ. ಕೊಟ್ಟು ಕಳಿಸೋದೇ. ಬೋರ್ಡ್ ಪರೀಕ್ಷೆಗೆ ನಮ್ಮ ಶಾಲೆಯಿಂದ ಕೂರಿಸೋದಿಲ್ಲ," ಎಂದು ಹೆಡ್‌ಮಿಸ್ಟ್ರೆಸ್ ನನಗೆ ನೇರವಾಗಿ ಹೇಳಿದರು. ಅಪ್ಪ ಕಂಪನಿ ಕೆಲಸದ ಮೇಲೆ ಊರೂರು ತಿರುಗುವವರು. ಒಮ್ಮೆ ಬಂದು, ಮಗಳಿಗೆ ಊರಾಚೆಯ ರೆಸಿಡೆನ್ಷಿಯಲ್ ಕಾಲೇಜಿನಲ್ಲಿ ಇಂಟರ್, ಅಂದರೆ ಪಿಯುಸಿ, ಸೀಟಿನ ಮಾತಾಗಿದೆ, ಈ ಹೊತ್ತಿನಲ್ಲಿ ಇದೇನು ಹುಚ್ಚು ಎಂದು ತಲೆಯ ಮೇಲೆ ಕೈಹೊತ್ತು ಹೋದರು.

ಹುಡುಗಿ ವಾರಕ್ಕೆರಡು ಸಲ ಬಂದು ಕೂರುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ, ಅವಳು "ನಥಿಂಗ್ ಮೇಡಂ" ಎನ್ನುತ್ತಿದ್ದಳು. ತೆಲುಗಿನಲ್ಲಿ ಕೇಳಿದರೆ "ಏಮೀ ಲೇದು ಮೇಡಂ". ಅವಳ ಮನೆಮಾತು ಕನ್ನಡ ಎಂಬುದು ನನಗೆ ಗೊತ್ತಿತ್ತು. ಒಮ್ಮೆ ಗೇಟಿನ ಬಳಿ ಅವಳ ತಾಯಿ "ಲಗೂ ಬಾರವ್ವ" ಎಂದು ಕೂಗಿದ್ದನ್ನು ಕೇಳಿದ್ದೆ. ಆದರೆ ಹೈದರಾಬಾದಿನ ನಮ್ಮವರಿಗೆ ಒಂದು ರೂಢಿ ಇದೆ. ಹೊಸ್ತಿಲು ದಾಟಿದರೆ ಕನ್ನಡವನ್ನು ಚಪ್ಪಲಿಯ ಹಾಗೆ ಅಲ್ಲೇ ಬಿಟ್ಟು ಬರುತ್ತೇವೆ. ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಬೀದರಿನವರು ತೆಲುಗಿನಲ್ಲಿ ಹವೆಯ ವಿಷಯ ಮಾತಾಡಿ ಇಳಿದುಹೋಗುತ್ತಾರೆ. ಶಾಲೆಯಲ್ಲಿ ಮನೆಮಾತು ಆಡುವುದು ನನಗೂ ಅವಳಿಗೂ ಯಾಕೋ ಸಲ್ಲದ ಸಂಗತಿ. ಹೀಗೆ ಇಬ್ಬರು ಕನ್ನಡದವರು ಎದುರುಬದುರು ಕೂತು ಎರಡು ಪರಭಾಷೆಗಳಲ್ಲಿ ಏನೂ ಇಲ್ಲ, ಏನೂ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದೆವು.

ಅರ್ಧವಾರ್ಷಿಕಕ್ಕೆ ಮೂರು ವಾರ ಇದ್ದಾಗ ನಾನು ಈ ಸಂಗತಿಯನ್ನು ಆಪಾ ಮುಂದಿಟ್ಟೆ. ನಮ್ಮ ಶನಿವಾರಗಳಲ್ಲಿ ಒಂದು ಪದ್ಧತಿ ಇತ್ತು. ಮಗುವಿನ ಹೆಸರಾಗಲಿ ಶಾಲೆಯಾಗಲಿ ಹೇಳುವಂತಿಲ್ಲ. ಮಗುವಿನ ಬಗ್ಗೆ ವಿವರಿಸುತ್ತ ಕೂರುವಂತಿಲ್ಲ. ಎದ್ದು ಹೋಗಿ ನಡುವೆ ಇಟ್ಟಿರುವ ಕುರ್ಚಿಯಲ್ಲಿ ಆ ಮಗುವಾಗಿಯೇ ಕೂರಬೇಕು. ಇನ್ನೊಬ್ಬರು ಕೌನ್ಸೆಲರ್ ಆಗಿ ಪ್ರಶ್ನೆ ಕೇಳುತ್ತಾರೆ. ಆ ದಿನ ನನ್ನೆದುರು ಕೂತವರು ಮೊದಲು ಪಿ.ಟಿ. ಮೇಷ್ಟರಾಗಿದ್ದ ಒಬ್ಬ ತೆಲುಗಿನವರು. ಮೆಲ್ಲಗೆ ಮಾತಾಡಿದರೂ ಮೈದಾನದ ಆಚೆ ತುದಿಗೆ ಕೇಳಿಸುವ ದನಿ ಅವರದು.

"ಆ ಹುಡುಗಿ ಹೇಗೆ ಕೂರುತ್ತಾಳೋ ಹಾಗೇ ಕೂತುಕೋ," ಎಂದರು ಆಪಾ. ನಾನು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಚೀಲವನ್ನು ಎಂದೂ ಕೆಳಗಿಡುತ್ತಿರಲಿಲ್ಲ. ಕುರ್ಚಿಯ ತುದಿಗೆ ಸರಿದೆ. ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಹಾಗೆ ಒಂದು ನಿಮಿಷ ಕೂತದ್ದೇ ತಡ, ನನಗೆ ಮೈಯೆಲ್ಲ ಚಡಪಡಿಸಿತು. ಇದು ಹಟಮಾರಿ ಹುಡುಗಿ ಕೂರುವ ರೀತಿಯಲ್ಲ. ಇದು ಮನೆಗೆ ಓಡಬೇಕಾದವರು ಕೂರುವ ರೀತಿ.

"ಪೇಪರ್ ಯಾಕಮ್ಮ ಖಾಲಿ ಕೊಟ್ಟೆ?" ಎಂದು ಮೇಷ್ಟರು ತೆಲುಗಿನಲ್ಲಿ ಕೇಳಿದರು. ನನ್ನ ಬಾಯಿಂದ ಬಂದದ್ದು ಕನ್ನಡ.

"ನನಗೆಲ್ಲಾ ಬರತೈತ್ರಿ. ಬರದ್ರ ಮಾರ್ಕ್ಸ್ ಬರ್ತಾವ. ಮಾರ್ಕ್ಸ್ ಬಂದ್ರ ಹಾಸ್ಟೆಲಿಗಿ ಕಳಸ್ತಾರ. ಎಲ್ಲಾರೂ ನನ್ನ ಎಲ್ಲಿಗಿ ಕಳಸೂಣು ಅಂತ ಕೇಳ್ತಾರ. ಮನ್ಯಾಗ ಯಾರ ಉಳೀತಾರ ಅಂತ ಒಬ್ಬರರೆ ಕೇಳ್ಯಾರೇನು?"

ಅಷ್ಟಕ್ಕೆ ಎಚ್ಚರಾಗಿ ನಿಲ್ಲಿಸಿದೆ. ಅಲ್ಲಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಕ್ಷಮಿಸಿ ಎನ್ನಲು ಹೋದೆ. ಆಪಾ ಅಂಗೈ ಎತ್ತಿದರು.

"ರುಕೋ ನಕ್ಕೋ ಅಮ್ಮಾ, ಬೋಲ್ತೇ ಜಾವ್," ಎಂದರು. ನಿಲ್ಲಿಸಬೇಡ, ಹೇಳುತ್ತಾ ಹೋಗು.

ನಾನು ಹೇಳುತ್ತಾ ಹೋದೆ. ಏನೇನು ಹೇಳಿದೆನೋ ಈಗ ನೆನಪಿಲ್ಲ. ಏಳೆಂಟು ಜನ ಒಂದಕ್ಷರ ತಿಳಿಯದೆ, ಒಬ್ಬರೂ ಮಿಸುಕದೆ, ನನ್ನ ಮುಖ ನೋಡುತ್ತಾ ಕೇಳಿದರು. ಕೊನೆಗೆ ನಾನು ಅಳುತ್ತಿದ್ದೆ. ಇರಲಿ ಬಿಡಿ ಎಂದು ಯಾರೂ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನನ್ನ ಮಾತನ್ನು ಯಾರೂ ಕೇಳಿರಲಿಲ್ಲ. ಅದಕ್ಕಾಗಿ ಆ ಮಾಳಿಗೆಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆಮೇಲೆ ಹಿಂದಿಯಲ್ಲಿ ಎಲ್ಲ ತಿಳಿಸಿ ಹೇಳಿದೆ. ಆಪಾ ಹೊಗಳಲಿಲ್ಲ. "ಇದು ನಿನ್ನ ಮಾತು, ಹುಡುಗಿಯ ಮಾತಲ್ಲ. ನಿಜ ಇರಬಹುದು, ಸುಳ್ಳೂ ಇರಬಹುದು. ಒಯ್ದು ಅವಳ ಬಾಯಿಗೆ ತುರುಕಬೇಡ. ಒಂದೇ ಒಂದು ಪ್ರಶ್ನೆ ಕೇಳು, ಕೇಳಿ ಸುಮ್ಮನಿರು," ಎಂದರು. ಮತ್ತೆ, "ನೀವಿಬ್ಬರೂ ಮಾತಾಡೋದು ಯಾವ ಭಾಷೆಯಲ್ಲಿ?" ಎಂದು ಕೇಳಿದರು.

"ಇಂಗ್ಲಿಷು. ಒಮ್ಮೊಮ್ಮೆ ತೆಲುಗು."

"ಯಾಕೆ?"

ಪಿ.ಟಿ. ಮೇಷ್ಟರು ಗಹಗಹಿಸಿ ನಕ್ಕುಬಿಟ್ಟರು. ಎರಡು ಮಾತು ಅನ್ನಬೇಕೆನಿಸಿತು, ಆದರೆ ನನಗೂ ನಗು ಬಂತು.

ಸೋಮವಾರ ಹುಡುಗಿ ಬಂದಳು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಕೇಳಿದೆ: "ನೀ ಸಾಲಿಗಿ ಬಂದಾಗ ಮನ್ಯಾಗ ಯಾರಿರ್ತಾರವ್ವ?"

ಅವಳು ಬೆಚ್ಚಿ ಬಾಗಿಲ ಕಡೆ ನೋಡಿದಳು, ಯಾರೋ ಮನೆಯಿಂದ ಬಂದರೇನೋ ಎನ್ನುವ ಹಾಗೆ. ಹೊರಗೆ ಪ್ರೈಮರಿ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದವು. ಹದಿನಾರರ ಮಗ್ಗಿ ಮುಗಿದು ಹದಿನೇಳಕ್ಕೆ ಬಂದರೂ ನಾನು ಬಾಯಿ ಬಿಡಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ.

"ಅವ್ವ ಒಬ್ಬಾಕೀನ ಇರ್ತಾಳ್ರಿ," ಎಂದಳು. ಚೀಲವನ್ನು ಇನ್ನಷ್ಟು ಅವುಚಿಕೊಂಡು, "ಅವ್ವಗ ಫಿಟ್ಸ್ ಬರ್ತಾವ್ರಿ ಮೇಡಂ."

ಆಮೇಲೆ ಎಲ್ಲ ಬಂತು. ತಾಯಿಗೆ ಮೂರ್ಛೆರೋಗ. ಗಂಡ ಹೆಂಡತಿ ಮಗಳು ಬಿಟ್ಟರೆ ನೆಂಟರಿಗೆ, ನೆರೆಯವರಿಗೆ, ಯಾರಿಗೂ ಗೊತ್ತಿಲ್ಲ. ಯಾರಾದರೂ ಮನೆಗೆ ಬಂದರೆ ಮಾತ್ರೆಯನ್ನು ಅಕ್ಕಿಡಬ್ಬಿಯಲ್ಲಿ ಮುಚ್ಚಿಡುತ್ತಾರೆ, ಎಷ್ಟೋ ಸಲ ಅದನ್ನು ನುಂಗುವುದೇ ಮರೆತುಹೋಗುತ್ತದೆ. "ಬಂದಾಗ ನಾ ಮಗ್ಗಲಾ ಹೊರಳಸ್ತೀನ್ರಿ. ತಲಿ ಕೆಳಗ ಏನರೆ ಮೆತ್ತಂದ ಇಡ್ತೀನಿ. ಎಚ್ಚರಾದಮ್ಯಾಲ ನೀರ ಕುಡಸ್ತೀನಿ. ಅಪ್ಪಗ ಕೈ ನಡಗ್ತಾವ್ರಿ, ಆಗಂಗಿಲ್ಲ." ಪಾಠ ಒಪ್ಪಿಸುವಷ್ಟು ಸರಾಗವಾಗಿ ಹೇಳಿದಳು. ಫೇಲಾದರೆ ಆ ಕಾಲೇಜಿನವರು ಸೇರಿಸಿಕೊಳ್ಳುವುದಿಲ್ಲ, ಮನೆಯಲ್ಲೇ ಇರಬಹುದು ಎಂಬುದು ಅವಳ ಹಂಚಿಕೆ. ಕ್ಲಾಸಿಗೇ ಮೊದಲಿಗಳಾದ ಹುಡುಗಿಯ ತಲೆಗೆ ಇದಕ್ಕಿಂತ ಚೊಕ್ಕ ಉಪಾಯ ಹೊಳೆದಿರಲಿಲ್ಲ.

"ಯಾರ ಮುಂದೂ ಹೇಳಬ್ಯಾಡ್ರಿ," ಎಂದಳು.

"ಇದು ನಿಮ್ಮವ್ವನ ಜೀವದ ಮಾತವ್ವ. ನಾವಿಬ್ಬರ ಇಟಗೊಂಡು ಕುಂಡ್ರಾಕ ಆಗಂಗಿಲ್ಲ. ಆದ್ರ ಮೊದಲ ಯಾರ ಮುಂದ ಹೇಳೂದು, ಅದನ್ನ ನೀನ ಹೇಳು," ಎಂದೆ. ಹೀಗೆ ಕೇಳುವುದನ್ನೂ ಆಪಾ ಕಲಿಸಿದ್ದು. ಮಗುವಿನ ಗುಟ್ಟನ್ನು ಮಗುವಿನ ಕೈಯಿಂದ ಕಸಿದುಕೊಳ್ಳಬಾರದು ಎನ್ನುತ್ತಿದ್ದರು.

ಎರಡು ದಿನ ಯೋಚಿಸಿ ಬಂದು, "ಅವ್ವನ ಮುಂದ. ನೀವೂ ಇರ್ರಿ," ಎಂದಳು. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿ, ಹುಡುಗಿ ಏನು ಹೇಳಿದಳು ಎಂದು ಎರಡು ಸಲ ಕೇಳಿದ್ದರು. ಪರೀಕ್ಷೆಯ ತನಕ ತಾಳಿಕೊಳ್ಳಿ ಎಂದಷ್ಟೇ ಹೇಳಿದ್ದೆ. ಅವರಿಗೆ ನನ್ನ ಮೇಲೆ ಮುನಿಸು ಬಂದದ್ದು ನಿಜ.

ತಾಯಿ ಬಂದರು. ಇಸ್ತ್ರಿ ಮಾಡಿದ ಸೀರೆ, ಮುಖದ ತುಂಬ ಹೆದರಿಕೆ. ಮಗಳು ತಪ್ಪು ಮಾಡಿದ್ದಾಳೆ, ಬೈಸಿಕೊಳ್ಳಲು ಕರೆದಿದ್ದಾರೆ ಎಂದುಕೊಂಡಿದ್ದರು. "ಯಾಕವ್ವ ಹಿಂಗ ಮಾಡಿದಿ? ನಿನಗೇನ ಕಡಿಮಿ ಮಾಡೀವಿ?" ಎಂದು ಕೂತ ಕೂಡಲೇ ಕೇಳಿದರು.

ಹುಡುಗಿ ತಲೆಯೆತ್ತಲಿಲ್ಲ. "ನಾ ಹೋದ್ರ ನಿನ್ನ ಯಾರ ಹಿಡೀತಾರ?" ಎಂದಳು.

"ಇರ್ಲಿ ಬಿಡ್ರಿ" ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ತಾಯಿ ಅಳಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಕೊನೆಗೆ ಮಗಳ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ತಾವೇ ಕೆಳಗಿಟ್ಟರು.

"ಇವತ್ತ ಕೆಳಗಿನ ಮನಿಯಾಕಿ ಮುಂದ ಹೇಳ್ತೀನಿ. ನಿಮ್ಮತ್ತಿ ಮುಂದೂ ಹೇಳ್ತೀನಿ, ಆಕಿ ಏನರೆ ಅನ್ಲಿ. ನಾಚಿಕಿ ನಂದು. ಅದನ್ನ ನೀ ಯಾಕ ಹೊರತಿ?"

ಅವರು ಹೇಳಿದಂತೆಯೇ ನಡೆದರು. ಕೆಳಗಿನ ಮನೆಯ ತೆಲುಗು ಹೆಂಗಸು, ತನ್ನ ತಮ್ಮನಿಗೂ ಇದೇ ಕಾಯಿಲೆ, ಇದಕ್ಕೆ ಇಷ್ಟು ಮುಚ್ಚುಮರೆ ಯಾಕೆ ಎಂದು ದಬಾಯಿಸಿ, ದಿನಾ ಸಂಜೆ ಬಂದು ಮಾತ್ರೆ ನುಂಗಿಸಿ ಹೋಗತೊಡಗಿದಳಂತೆ. ಆಪಾ ತಾಯಿಯನ್ನು ತಮಗೆ ಪರಿಚಯವಿದ್ದ ನರರೋಗದ ಡಾಕ್ಟರ ಬಳಿ ಕಳಿಸಿದರು. ಅಪ್ಪನನ್ನು ಒಪ್ಪಿಸುವುದಕ್ಕೆ ಸ್ವಲ್ಪ ಕಾಲ ಹಿಡಿಯಿತು. ಹಾಸ್ಟೆಲ್ ಬೇಡ, ಕೂಕಟ್‌ಪಲ್ಲಿಯಲ್ಲೇ ದಿನಾ ಹೋಗಿಬರುವ ಕಾಲೇಜಿಗೆ ಸೇರಿಸುವುದು ಎಂದು ಅವರೇ ಬಂದು ಹೇಳಿದ್ದು ಅರ್ಧವಾರ್ಷಿಕದ ಹಿಂದಿನ ದಿನ. ಹುಡುಗಿಗೆ ಅದರ ಮೇಲೆ ನಂಬಿಕೆ ಬಂತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಅವಳು ಬರೀ ತಲೆಯಾಡಿಸಿ ಹೋದಳು.

ಮರುದಿನ ಗಣಿತ. ನನಗೆ ಅವಳಿದ್ದ ಪರೀಕ್ಷಾ ಹಾಲಿನಲ್ಲೇ ಡ್ಯೂಟಿ ಹಾಕಿದ್ದರು. ಮೊದಲ ಅರ್ಧ ಗಂಟೆ ಅವಳ ಸಾಲಿನ ಕಡೆ ಹೋಗುವ ಧೈರ್ಯ ನನಗಾಗಲಿಲ್ಲ. ಕಿಟಕಿಯ ಬಳಿ ನಿಂತು ಬೇರೆ ಮಕ್ಕಳ ಬೆನ್ನು ನೋಡುತ್ತಿದ್ದೆ. ಹೆಡ್‌ಮಿಸ್ಟ್ರೆಸ್ ಒಮ್ಮೆ ಬಾಗಿಲಲ್ಲಿ ಬಂದು ನಿಂತು, ಅವಳತ್ತ ನೋಡಿ, ನನ್ನತ್ತ ನೋಡಿ ಹೋದರು. ಎರಡನೇ ಬೆಲ್ಲು ಆಯಿತು. ಹಿಂದಿನ ಬೆಂಚಿನ ಕಡೆಯಿಂದ ಯಾರೋ ಎದ್ದು ನಿಂತ ಸದ್ದಾಯಿತು. ತಿರುಗಿ ನೋಡಿದೆ. ಅವಳು ಕೈ ಎತ್ತಿದ್ದಳು.

"ಮೇಡಂ, ಅಡಿಷನಲ್ ಶೀಟ್."

ಹಾಳೆ ಕೊಡುವ ಕೆಲಸ ನನ್ನದಲ್ಲ, ಅದಕ್ಕೆಂದೇ ಹಾಲಿನ ಆ ಕಡೆ ಇನ್ನೊಬ್ಬರಿದ್ದರು. ನಾನೇ ಓಡಿದೆ.