ದಿನಕ್ಕೆ ಐದು ಪದ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಜಯನಗರದ ನಮ್ಮ ಮನೆಗೆ ಬೆಳಗಾಗುತ್ತಿದ್ದುದು ಹಾಲಿನ ಬಾಟಲಿಗಳ ಸದ್ದಿನಿಂದ. ಆಮೇಲೆ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ನನ್ನ ಜಡೆ ಹೆಣೆಯುತ್ತಿದ್ದಳು. ಎದುರಿಗೆ ಮೆಟ್ಟಿಲ ಮೇಲೆ ಕುಳಿತ ಅಪ್ಪ, ಕಾಫಿ ಆರುವವರೆಗೆ ದಪ್ಪ ನಿಘಂಟಿನಿಂದ ಐದು ಇಂಗ್ಲಿಷ್ ಪದ ಓದಿ ಅರ್ಥ ಹೇಳಿಕೊಡುತ್ತಿದ್ದರು. ನಾನು ತಲೆ ಅಲ್ಲಾಡಿಸದೆ ಒಪ್ಪಿಸಬೇಕು.

ಆ ವರ್ಷವಷ್ಟೇ ಕನ್ನಡ ಶಾಲೆ ಬಿಡಿಸಿ ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದರು. ಅಲ್ಲಿ ಗೇಟು ದಾಟಿದರೆ ಕನ್ನಡ ಆಡುವಂತಿರಲಿಲ್ಲ. ಅಪ್ಪನಿಗೂ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಯಾವ ಕೆಲಸವನ್ನೂ ಅವರು ನಡುವಿನಿಂದ ಹಿಡಿದವರಲ್ಲ. ನಿಘಂಟನ್ನೂ ಮೊದಲ ಪುಟದಿಂದಲೇ ಶುರುಮಾಡಿದ್ದರು. ಹಾಗಾಗಿ ನನಗೆ ‘ಅಬ್ಯಾಂಡನ್’ ಗೊತ್ತಿತ್ತು, ‘ಅಬ್‌ಡಾಮೆನ್’ ಗೊತ್ತಿತ್ತು. ‘ಬಿ’ ಅಕ್ಷರ ಇನ್ನೂ ಬಹಳ ದೂರವಿತ್ತು.

“ಅಡ್ಜೇಸೆಂಟ್. ಅಂದ್ರೆ?”

“ಪಕ್ಕದಲ್ಲಿರೋದು, ಅಪ್ಪ.”

“ಭೇಷ್! ಇವತ್ತೇ ಎಲ್ಲಾದ್ರೂ ಉಪಯೋಗಿಸ್ಬೇಕು, ಆಯ್ತಾ? ಇಲ್ಲಾಂದ್ರೆ ತುಕ್ಕು ಹಿಡಿಯತ್ತೆ.”

ಶಾಲೆಯಲ್ಲಿ ನನಗೆ ಒಬ್ಬ ಗೆಳತಿಯೂ ಇರಲಿಲ್ಲ. ಊಟದ ಬಿಡುವಿನಲ್ಲಿ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದೆ. ಕೆಳಗೆ ಬಿದ್ದ ಅನ್ನದ ಅಗುಳನ್ನು ಇರುವೆಗಳು ಹೊತ್ತೊಯ್ಯುವುದನ್ನು ನೋಡುತ್ತಿದ್ದೆ. ಅವು ಎದುರು ಬಂದ ಇರುವೆಗೆಲ್ಲ ಮುಖ ತಾಗಿಸಿ, ಮಾತಾಡಿಸಿಯೇ ಮುಂದೆ ಹೋಗುತ್ತಿದ್ದವು.

ಆ ದಿನ ನಮ್ಮ ಕ್ಲಾಸಿನ ಗುಂಗುರುಕೂದಲಿನ ಹುಡುಗಿ ಡಬ್ಬಿ ಹಿಡಿದು ಜಾಗ ಹುಡುಕುತ್ತ ನನ್ನ ಮುಂದೆ ನಿಂತಳು. ‘ಸಿಟ್ ಡೌನ್’ ಗೊತ್ತಿತ್ತು. ಆದರೆ ಅದು ಟೀಚರ್ ಗದರುವ ಮಾತು. ಗೆಳತಿಯಾಗಲಿ ಎಂದು ಆಸೆಪಡುವವಳನ್ನು ಹಾಗೆ ಕರೆಯುವುದುಂಟೆ? ಬೆಂಚಿನ ಮೇಲೆ ಕೈಯಿಟ್ಟು, “ಅಡ್ಜೇಸೆಂಟ್” ಎಂದೆ.

ಅವಳು ಕಣ್ಣರಳಿಸಿದಳು. “ಅಡ್ಜೇಸೆಂಟ್ ಟು ವಾಟ್?”

‘ಟು ಮಿ’ ಎಂದಿದ್ದರೆ ಸಾಕಿತ್ತು. ಎರಡೇ ಪುಟ್ಟ ಪದ, ಎರಡೂ ನನಗೆ ಗೊತ್ತಿದ್ದವು. ಆದರೂ ಬಾಯಿಗೆ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಅಷ್ಟರಲ್ಲಿ ಆಚೆ ಬೆಂಚಿನಿಂದ ಯಾರೋ ಕೂಗಿದರು; ಓಡಿಹೋದಳು. ನಾನು ಕೈಯನ್ನು ಬೆಂಚಿನ ಮೇಲಿಂದ ತೆಗೆಯಲು ಮರೆತು ಹಾಗೇ ಕುಳಿತಿದ್ದೆ.

ನೀವಾದರೆ ಫೋನನ್ನು ಕೇಳುತ್ತೀರಿ, ಅದು ಅರ್ಥದ ಜೊತೆಗೆ ಉಚ್ಚಾರಣೆಯನ್ನೂ ಹೇಳುತ್ತದೆ. ಪಾರ್ಕಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಲಸಿ ಕೂಗಾಡುತ್ತೀರಿ, ಯಾರೂ ಗದರುವುದಿಲ್ಲ. ಆದರೂ ಜಾರುಬಂಡೆಯ ಹತ್ತಿರ ಹೊಸ ಮಗುವೊಂದು ಸುಮ್ಮನೆ ನಿಂತಿರುವುದು ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಆ ಸಂಜೆ ಅಪ್ಪ, “ಪದ ಉಪಯೋಗಿಸಿದ್ಯಾ?” ಎಂದು ಕೇಳಿದರು. ಹೂಂ ಎಂದು ತಲೆಯಾಡಿಸಿದೆ. ಅವರ ಮುಖ ಅರಳಿತು. ನಾನು ಹಿತ್ತಲಿಗೆ ಹೋಗಿ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದ ಅಮ್ಮನ ಸೆರಗು ಹಿಡಿದು ನಿಂತೆ. ಕಾಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯ ಅಜ್ಜಿ ನನ್ನನ್ನು ನೋಡಿ ಅಮ್ಮನಿಗೆ ಹೇಳಿದರು:

“ಇವಳನ್ನ ಕಾನ್ವೆಂಟ್‌ಗೆ ಹಾಕಿದ್ದು ಒಳ್ಳೇದಾಯ್ತು ಕಣಮ್ಮ. ಮುಂಚೆ ಎಷ್ಟು ವಟವಟ ಅಂತಿದ್ಳು! ಈಗ ನೋಡು, ಮನೇಲಿದಾಳೋ ಇಲ್ವೋ ಅನ್ನೋದೇ ಗೊತ್ತಾಗಲ್ಲ.”