ನನ್ನ ಎರಡು ‘ಆತು’

ದನಿ ಕೂತದ್ದು ಮೊದಮೊದಲು ನನಗೆ ಹೆಮ್ಮೆಯ ವಿಷಯವೇ ಆಗಿತ್ತು. ಹೊನ್ನಾವರದ ಕಾಲೇಜೊಂದರಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಕೋಚ್ ಆಗಿ ತಲೆ ನೆರೆಸಿಕೊಂಡವನು ನಾನು. ಟೂರ್ನಮೆಂಟಿನಿಂದ ಬಂದ ಮೇಲೆ ಜನ ನನ್ನ ಗಂಟಲು ಕೇಳಿಯೇ ಫಲಿತಾಂಶ ತಿಳಿದುಕೊಳ್ಳುತ್ತಿದ್ದರು. ಪೂರ್ತಿ ಕೂತಿದ್ದರೆ ಫೈನಲ್ ಆಡಿದ್ದಾರೆ ಎಂದು ಲೆಕ್ಕ. ಹಾಗಾಗಿ ಈ ಸಲ ಕೂತ ದನಿ ಏಳದಿದ್ದರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಜ್ಯೇಷ್ಠಮಧು ಜಗಿದೆ, ಕಾಳುಮೆಣಸಿನ ಕಷಾಯ ಕುಡಿದೆ, ಮತ್ತೆ ಕೋರ್ಟಿಗೆ ಹೋಗಿ ಕೂಗಿದೆ.

ಹೆಂಡತಿ ಶಾರದೆಗೆ ಮಾತ್ರ ಅನುಮಾನ ಬಂತು.

“ಇದು ಮ್ಯಾಚಿನ ದನಿ ಅಲ್ಲ. ಡಾಕ್ಟರಿಗೆ ತೋರ್ಸುವಾ.”

ಕುಮಟಾದ ಇಎನ್‌ಟಿ ಡಾಕ್ಟರು ಮೂಗಿನಿಂದ ಸ್ಕೋಪ್ ಇಳಿಸಿ ನೋಡಿದರು. ಮಾತು ಬೆಳೆಸದೆ ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಬಯಾಪ್ಸಿ, ಸಿಟಿ ಸ್ಕ್ಯಾನ್.

ಧ್ವನಿಪೆಟ್ಟಿಗೆಯ ಕ್ಯಾನ್ಸರ್.

ಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಉಸಿರಾಟವೆಲ್ಲ ಕುತ್ತಿಗೆಯ ತೂತಿನಿಂದ ಎಂದರು ಸರ್ಜನ್. ಶಾರದೆ ಜೀವದ ಬಗ್ಗೆ ಕೇಳುತ್ತಿದ್ದಳು. ನಾನು ಕೇಳಿದ್ದು ಒಂದೇ.

“ಸೀಟಿ ಊದ್ಬಹುದಾ ಡಾಕ್ಟ್ರೇ?”

“ಬಾಯಿಗೆ ಗಾಳಿಯೇ ಬರೋದಿಲ್ಲ ಸರ್.”

ಆಪರೇಷನ್ ಮುಗಿಯಿತು, ರೇಡಿಯೇಷನ್ನೂ ಮುಗಿಯಿತು. ಈಗ ಸೀನಿದರೆ ಕುತ್ತಿಗೆಯಿಂದ. ಮೀನು ಸಾರು ಕುದಿಯುತ್ತಿದ್ದರೂ ಪರಿಮಳ ತಿಳಿಯುವುದಿಲ್ಲ. ಸ್ನಾನಕ್ಕೆ ಕೂತರೆ ತೂತಿಗೆ ನೀರು ಹೋಗದಂತೆ ಶಾರದೆ ರೆಫ್ರಿಯ ಹಾಗೆ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಸಿಟ್ಟು ಬಂದರೆ ಬೈಯಲಾಗದೆ ಲೋಟ ಕುಟ್ಟುತ್ತಿದ್ದೆ. ಅವಳು ‘ಫೌಲ್’ ಎನ್ನುತ್ತಿದ್ದಳು. ನಗು ಬರುತ್ತಿತ್ತು. ನಗುವಿಗೂ ಸದ್ದಿಲ್ಲವೆಂದು ತಿಳಿದ ದಿನ ಅತ್ತುಬಿಟ್ಟೆ.

ಆಮೇಲೆ ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಗದ್ದದ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಮಾತು ಹೊರಡುತ್ತದೆ. ಏರಿಳಿತವಿಲ್ಲದ, ಜೀರುಂಡೆಯಂಥ ಮಾತು. ಪ್ರಿನ್ಸಿಪಾಲರು ಒಳ್ಳೆಯವರು. ಲೈಬ್ರರಿಯಲ್ಲಿ ಆರಾಮಾಗಿ ಕೂತಿರಿ, ತಂಡವನ್ನು ಬೇರೆಯವರು ನೋಡಿಕೊಳ್ಳಲಿ ಎಂದರು. ಒಂದು ಮ್ಯಾಚ್ ನಿಂತು ನೋಡುತ್ತೇನೆ, ಆಗದಿದ್ದರೆ ನಾನೇ ಬಿಡುತ್ತೇನೆ ಎಂದೆ. ಕೋರ್ಟ್ ಬಿಟ್ಟು ಬೇರೆ ಯಾವ ಕೆಲಸವೂ ನನಗೆ ಗೊತ್ತಿಲ್ಲ. ಹೆದರಿಕೆಯಾಗಿತ್ತು.

ಇಲ್ಲಿ ನನ್ನ ‘ಆತು’ವಿನ ವಿಷಯ ಹೇಳಬೇಕು. ನಮ್ಮ ಕಡೆ ಸರಿ ಎನ್ನಲಿಕ್ಕೂ ಆತು, ಮುಗಿಯಿತು ಎನ್ನಲಿಕ್ಕೂ ಆತು. ನಾನು ಕೋರ್ಟಿನ ಬದಿಯಿಂದ ದನಿ ಏರಿಸಿ ‘ಆತು’ ಎಂದರೆ ಭೇಷ್, ಆಡುತ್ತಿರು ಎಂದು. ದನಿ ಇಳಿಸಿ ‘ಆತು’ ಎಂದರೆ ನಿನ್ನದು ಮುಗಿಯಿತು, ಬೆಂಚಿಗೆ ಬಾ ಎಂದು. ಹೊಸ ಹುಡುಗಿಯರು ಮೊದಲು ಕಲಿಯುತ್ತಿದ್ದದ್ದು ಇದನ್ನು. ಡ್ರಿಬಲ್ ಎಲ್ಲ ಆಮೇಲೆ.

ಆ ದಿನ ಭಟ್ಕಳದ ಕಾಲೇಜಿನ ಜೊತೆ ಪ್ರಾಕ್ಟೀಸ್ ಮ್ಯಾಚ್. ನಮ್ಮ ಕ್ಯಾಪ್ಟನ್ ಮಾವಿನಕುರ್ವೆಯ ನಾಗವೇಣಿ. ಇಬ್ಬರ ನಡುವಿನಿಂದ ಚೆಂದದ ಒಂದು ಪಾಸ್ ಕೊಟ್ಟಳು. ಖುಷಿ ತಡೆಯದೆ ಯಂತ್ರ ಒತ್ತಿ ‘ಆತು’ ಎಂದೆ.

ಅವಳು ಆಟ ಬಿಟ್ಟು ಬಂದು ಬೆಂಚಿನ ಮೇಲೆ ಕೂತಳು.

ಕಣ್ಣು ತುಂಬಿತ್ತು. ಅಷ್ಟರಲ್ಲಿ ಭಟ್ಕಳದವರು ಬಾಸ್ಕೆಟ್ ಹಾಕಿ ಆಗಿತ್ತು. ನಾನು ಟೈಮ್‌ಔಟ್ ಕೇಳಿದೆ. ಹುಡುಗಿಯರು ಸುತ್ತ ನಿಂತರು. ಹೊಗಳಿದರೆ ಬೈದಂತೆ ಕೇಳಿಸುವವನು ಎಂಥ ಕೋಚ್? ಲೈಬ್ರರಿಯೇ ಸರಿ ಅನ್ನಿಸಿತು. ಇನ್ನು ನಾನು ಬರುವುದಿಲ್ಲ ಎಂದು ಹೇಳಹೊರಟೆ. ಬೆವರಿಗೆ ಯಂತ್ರ ಗದ್ದದ ಕೆಳಗಿಂದ ಜಾರುತ್ತಿತ್ತು. ಕೊನೆಗೆ ಒಂದೇ ಮಾತು ಹೊರಬಿತ್ತು.

“ಆತು.”

ನನ್ನದು ಮುಗಿಯಿತು ಎಂದು ಹೇಳಿದ್ದೆ.

ನಾಗವೇಣಿ ನನ್ನ ಮುಖ ನೋಡಿದಳು. ಕಣ್ಣು ಒರೆಸಿಕೊಂಡಳು. “ಆತು ಸರ್,” ಎಂದು ತಲೆಯಾಡಿಸಿ ಉಳಿದವರನ್ನೂ ಎಳೆದುಕೊಂಡು ಕೋರ್ಟಿಗೆ ಓಡಿದಳು.

ತಡೆದು ಬಿಡಿಸಿ ಹೇಳಬಹುದಿತ್ತು. ಯಂತ್ರ ಕೈಯಲ್ಲೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡೆ.

ಈಗ ಬೆಂಚಿಗೆ ಕರೆಯಬೇಕಾದರೆ ಕೈ ಬೀಸುತ್ತೇನೆ. ನಮ್ಮ ತಂಡದಲ್ಲಿ ‘ಆತು’ ಎಂದರೆ ಆಡುತ್ತಿರು ಎಂದು ಮಾತ್ರ. ಮೊನ್ನೆ ಚೆಕಪ್ಪಿಗೆ ಹೋದಾಗ ಡಾಕ್ಟರು, ಸದ್ಯಕ್ಕೆ ಎಲ್ಲ ಸರಿಯಿದೆ, ಮುಂದಿನದು ಈಗಲೇ ಹೇಳಲಾಗದು ಎಂದರು. ಶಾರದೆ ನನ್ನ ಕಡೆ ನೋಡಿದಳು. ನಾನು ಯಂತ್ರ ಒತ್ತಿ ‘ಆತು’ ಎಂದೆ.